ಏಪ್ರಿಲ್ ಬಿಸಿಲು, ಲ್ಯಾಬ್ರಡಾರ್ ಮತ್ತು ಗೋಳಗುಮ್ಮಟದ ಮುಂದೆ ಒಂದು ಫೋಟೋ

ಪ್ರಶ್ನೆ: ನಾವು ವಿಜಯಪುರದವರು. ನಮ್ಮ ಲ್ಯಾಬ್ರಡಾರ್ ಬ್ರೂನೋಗೆ ಮೂರು ವರ್ಷ, ತೂಕ 34 ಕೆಜಿ. ಬೇಸಿಗೆ ಬಂತೆಂದರೆ ಇಡೀ ದಿನ ಕೂಲರ್ ಮುಂದೆಯೇ ಮಲಗಿರುತ್ತಾನೆ. ಏಪ್ರಿಲ್ ಕೊನೆಗೆ ಪುಣೆಯಿಂದ ಅಕ್ಕನ ಮಕ್ಕಳು ಬರುತ್ತಾರೆ. ಹಿಂದೆ ಗೋಳಗುಮ್ಮಟ ಕಾಣುವ ಹಾಗೆ ಮಕ್ಕಳ ಜೊತೆ ಬ್ರೂನೋ ಫೋಟೋ ತೆಗೆಸಬೇಕು ಅಂತ ಆಸೆ. ಫೋಟೋಗ್ರಾಫರ್ ಸಂಜೆ ನಾಲ್ಕೂವರೆಗೆ ಬನ್ನಿ ಅಂದಿದ್ದಾರೆ. ಬಿಸಿಲಿಗೆ ಅವನ ಕೂದಲು ಬೋಳಿಸಬೇಕಾ? ಕಾಲಿಗೆ ಬೂಟು ಹಾಕಬೇಕಾ? ವಾಕಿಂಗ್ ಯಾವ ಹೊತ್ತಿಗೆ ಒಳ್ಳೆಯದು? ನಮ್ಮ ಕಾಕಾ ಮಾತ್ರ, 'ನಾಯಿಗೆ ಎಂಥಾ ಬಿಸಿಲ? ಮುಧೋಳ ನಾಯಿ ಹೊಲದಾಗ ದಿನಾ ಓಡಾಡ್ತಾವ, ಏನಾಗೇದ ಅವಕ್ಕ?' ಅಂತ ನಗುತ್ತಾರೆ.

ಉತ್ತರ: ಮೊದಲು ಫೋಟೋಗ್ರಾಫರ್ ವಿಷಯ ಮುಗಿಸೋಣ. ಸಂಜೆ ನಾಲ್ಕೂವರೆ ಬೇಡ. ಅವರಿಗೆ ಆ ಹೊತ್ತು ಅನುಕೂಲ ಇರಬಹುದು, ಬ್ರೂನೋಗೆ ಅಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿ ಏರುತ್ತಾ ಹೋಗಿ ತುದಿ ಮುಟ್ಟುವುದೇ ಮೂರು, ನಾಲ್ಕು ಗಂಟೆಗೆ. 40 ಡಿಗ್ರಿ ದಾಟಿತು ಅಂದರೆ ವಿಜಯಪುರದಲ್ಲಿ ಅದೇನು ಸುದ್ದಿಯೇ ಅಲ್ಲ. ಗಾಳಿಗಿಂತ ಕೆಟ್ಟದ್ದು ನೆಲ. ಬೆಳಿಗ್ಗೆಯಿಂದ ಕಾದ ಡಾಂಬರು, ಫರಸಿ, ಸಿಮೆಂಟು ಆ ಹೊತ್ತಿಗೆ ರೊಟ್ಟಿ ಹಂಚಿನ ಹಾಗಿರುತ್ತವೆ. ಗಾಳಿಯ ಬಿಸಿ 30 ಡಿಗ್ರಿ ಇದ್ದಾಗಲೇ ನೇರ ಬಿಸಿಲಿಗೆ ಬಿದ್ದ ಡಾಂಬರು 55, 60 ಡಿಗ್ರಿಗೆ ಹೋಗಬಲ್ಲದು. ನಮ್ಮ ಕಾಲಲ್ಲಿ ಚಪ್ಪಲಿ ಇರುತ್ತದೆ, ಗೊತ್ತಾಗುವುದಿಲ್ಲ.

ಇದನ್ನೆಲ್ಲ ನಾನು ಪಶುವೈದ್ಯಕೀಯ ಕಲಿಯುವಾಗಲೇ ಓದಿದ್ದೆ. ಬುದ್ಧಿ ಬಂದಿದ್ದು ಮಾತ್ರ ನಮ್ಮ ಮನೆಯ ಮಾಳಿಗೆ ಮೇಲೆ. ನಮ್ಮಲ್ಲಿ ರಾಣಿ ಎಂಬ ಮುಧೋಳ ನಾಯಿ ಇತ್ತು. ಮಾರ್ಚ್ ತಿಂಗಳು, ಹೊಸ ಫೋನು ಬಂದ ಹುಮ್ಮಸ್ಸು. ಇಳಿ ಬಿಸಿಲು ಚೆನ್ನಾಗಿದೆ ಅಂತ ಅವಳನ್ನು ಮೇಲೆ ಕರೆದುಕೊಂಡು ಹೋದೆ. 'ನಿಲ್ಲು' ಅಂದೆ, ನಿಂತಳು. ನಿಂತಲ್ಲೇ ಮುಂಗಾಲುಗಳನ್ನು ಒಂದಾದ ಮೇಲೊಂದು ಎತ್ತಿ ಎತ್ತಿ ಇಡುತ್ತಿದ್ದಳು. ಕುಣಿಯುತ್ತಿದ್ದಾಳೆ ಅಂದುಕೊಂಡು ವಿಡಿಯೋ ಬೇರೆ ಮಾಡಿದೆ. ಎರಡು ದಿನ ಬಿಟ್ಟು ನೋಡಿದರೆ ಅಂಗಾಲಿನ ಚರ್ಮ ಹಪ್ಪಳದ ಹಾಗೆ ಎದ್ದು ಬಂದಿತ್ತು. ಡಾಕ್ಟರ್ ಮನೆಯ ನಾಯಿಗೇ ಈ ಗತಿ! ಆ ವಿಡಿಯೋ ಈಗಲೂ ನನ್ನ ಹತ್ತಿರ ಇದೆ. ನಾಯಿ ಫೋಟೋ ಬಗ್ಗೆ ಕೇಳಿದವರಿಗೆಲ್ಲ ತೋರಿಸುತ್ತೇನೆ.

ಹಾಗಾಗಿ ನನಗೆ ನಿಮ್ಮ ವಾಕಿಂಗ್‌ಗಿಂತ ಫೋಟೋದ್ದೇ ಚಿಂತೆ. ನಡೆಯುವ ನಾಯಿ ತಾನೇ ನೆರಳಿಗೆ ಜಾರುತ್ತದೆ, ರಸ್ತೆ ಬಿಟ್ಟು ಬದಿಯ ಮಣ್ಣಿಗೆ ಇಳಿಯುತ್ತದೆ. ಫೋಟೋಗೆ ನಿಲ್ಲಿಸಿದ ನಾಯಿಗೆ ಆ ಸ್ವಾತಂತ್ರ್ಯ ಇಲ್ಲ. ಹೇಳಿದ ಮಾತು ಕೇಳುವ ನಾಯಿಗೆ ಇನ್ನೂ ಕಷ್ಟ. ಲ್ಯಾಬ್ರಡಾರ್ ಅಂತೂ ಒಂದು ಬಿಸ್ಕತ್ತಿನ ಆಸೆಗೆ ಕೆಂಡದ ಮೇಲೂ ಕೂರುವ ಜಾತಿ. ಸಾಕು ಅನ್ನುವುದನ್ನು ಅವನು ಹೇಳುವುದಿಲ್ಲ, ನೀವೇ ಹೇಳಬೇಕು.

ಬ್ರೂನೋ ಮೈ ಹೇಗೆ ತಂಪಾಗುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ. ನಿಮ್ಮ ಮನೆಯ ಕೂಲರ್ ನೋಡಿ. ಒಣ ಗಾಳಿ ಒದ್ದೆ ಹುಲ್ಲಿನ ನಡುವೆ ಹಾದು ಬರುತ್ತದೆ, ನೀರು ಆವಿಯಾಗುತ್ತದೆ, ಗಾಳಿ ತಂಪಾಗುತ್ತದೆ. ನಾಯಿಯ ಬಾಯಿಯೂ ಹಾಗೇ ಒಂದು ಕೂಲರ್. ನಮ್ಮ ಹಾಗೆ ಮೈಯೆಲ್ಲ ಬೆವರುವ ಏರ್ಪಾಡು ಅದಕ್ಕಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರು ಬರುತ್ತದೆ, ಅದರಿಂದ ಏನೂ ಆಗುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟಾಗ ನಾಲಿಗೆ, ಬಾಯಿ, ಮೂಗಿನ ಒಳಗಿನ ತೇವ ಆವಿಯಾಗಿ ರಕ್ತ ತಂಪಾಗುತ್ತದೆ. ಕೂಲರ್ ಯಾವಾಗ ಕೈ ಕೊಡುತ್ತದೋ, ನಾಯಿಯೂ ಆಗಲೇ ಸೋಲುತ್ತದೆ.

ಕೂಲರ್‌ನ ಟಾಕಿ ಖಾಲಿಯಾದರೆ ಬರೀ ಬಿಸಿಗಾಳಿ ಬರುತ್ತದೆ ಅಲ್ವಾ? ಏದುಸಿರಿನಲ್ಲಿ ನಾಯಿ ಕಳೆದುಕೊಳ್ಳುವ ನೀರೂ ಹಾಗೆ ತುಂಬಬೇಕು. ಸಾಮಾನ್ಯ ದಿನದಲ್ಲಿ ಒಂದು ಕೆಜಿ ತೂಕಕ್ಕೆ 50, 60 ಮಿಲಿ ನೀರು ಬೇಕು ಅನ್ನುವುದು ಲೆಕ್ಕ. ಬ್ರೂನೋಗೆ ಸುಮಾರು ಎರಡು ಲೀಟರ್ ಆಯಿತು. ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಎರಡು ಮೂರು ಕಡೆ ಮಣ್ಣಿನ ಬಾನಿಯಲ್ಲಿ ನೀರಿಡಿ, ಸ್ಟೀಲ್ ಬಟ್ಟಲು ಬಿಸಿಲಿಗೆ ಸುಡುತ್ತದೆ. ಉಪ್ಪು, ಒಗ್ಗರಣೆ ಹಾಕದ ನೀರು ಮಜ್ಜಿಗೆ ಸ್ವಲ್ಪ ಕೊಟ್ಟರೆ ನಡೆಯುತ್ತದೆ, ಹೊಟ್ಟೆಗೆ ಒಗ್ಗಿದ್ದರೆ ಮಾತ್ರ.

ಅಡ್ಡ ಮಳೆ ಬಿದ್ದ ಮರುದಿನ ಕೂಲರ್ ಹಾಕಿದರೂ ಕುದಿ ಹೋಗುವುದಿಲ್ಲ. ಗಾಳಿಯಲ್ಲೇ ತೇವ ಇರುವುದರಿಂದ ನೀರು ಆವಿಯಾಗುವುದಿಲ್ಲ. ನಾಯಿಯ ಬಾಯಿಯೂ ಅಷ್ಟೇ. ಮೊಬೈಲ್ 35 ಡಿಗ್ರಿ ತೋರಿಸಿದರೂ ಅಂಥ ಸಂಜೆ ವಾಕಿಂಗ್ ಅರ್ಧಕ್ಕೆ ಇಳಿಸಿ. ಒಣ ಬಿಸಿಲಿಗಿಂತ ಈ ಕುದಿಗೆ ನಾನು ಹೆಚ್ಚು ಹೆದರುತ್ತೇನೆ.

ಇನ್ನು ಗಾಳಿಯ ದಾರಿಯೇ ಕಟ್ಟಿದರೆ? ಜನ ಹೆದರುತ್ತಾರೆ ಅಂತ ಎಷ್ಟೋ ಮಂದಿ ನಾಯಿಯ ಮೂತಿಗೆ ನೈಲಾನ್ ಪಟ್ಟಿ ಬಿಗಿದು ಕರೆತರುತ್ತಾರೆ. ಬೇಸಿಗೆಯಲ್ಲಿ ಇದಕ್ಕಿಂತ ಕೆಟ್ಟದ್ದು ಇಲ್ಲ, ಅದು ಬಾಯಿಯೇ ತೆರೆಯಲಾರದು. ಕಟ್ಟಲೇಬೇಕಾದರೆ ಎತ್ತಿನ ಬಾಯಿಕುಕ್ಕೆಯಂಥ ಜಾಳಿಗೆಯದು ತನ್ನಿ. ಅದರೊಳಗೆ ನಾಯಿ ಬಾಯಿ ತೆರೆದು ನಾಲಿಗೆ ಚಾಚಬಹುದು, ನೀರು ಕುಡಿಯಬಹುದು. ಪಗ್, ಶಿಟ್ಜು, ಬುಲ್‌ಡಾಗ್ ಸಾಕಿದವರು ಇದನ್ನು ಓದುತ್ತಿದ್ದರೆ ಒಂದು ಮಾತು. ಮೂತಿ ಚಪ್ಪಟೆ ಅಂದರೆ ಕೂಲರ್ ಚಿಕ್ಕದು ಅಂತ ಅರ್ಥ. ನಾನು ಬ್ರೂನೋಗೆ ಹೇಳುವ ಯಾವ ಸಲಹೆಯನ್ನೂ ಅವಕ್ಕೆ ಹಾಗೇ ಅನ್ವಯಿಸಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಅವುಗಳ ವಾಕಿಂಗ್ ಬೆಳಕು ಹರಿಯುವ ಮೊದಲೇ ಮುಗಿಯಬೇಕು, ಫೋಟೋ ಮನೆಯೊಳಗೆ ಕಿಟಕಿ ಬೆಳಕಿನಲ್ಲಿ.

ಈಗ ನಿಮ್ಮ ಕಾಕಾ ಮಾತು. ಅರ್ಧ ನಿಜ ಇದೆ ಅದರಲ್ಲಿ. ಮುಧೋಳ ನಾಯಿ ನಮ್ಮ ಪಕ್ಕದ ಬಾಗಲಕೋಟೆ ಜಿಲ್ಲೆಯದ್ದು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು. ಒಣಕಲು ಮೈ, ಗಿಡ್ಡ ಕೂದಲು, ಉದ್ದ ಮೂತಿ, ಆಳವಾದ ಎದೆ. ಬಿಸಿ ಹೊರಗೆ ಹಾಕುವುದಕ್ಕೆ ಹೇಳಿ ಮಾಡಿಸಿದ ದೇಹ ಅದು. ಲ್ಯಾಬ್ರಡಾರ್ ಬೆಳೆದು ಬಂದದ್ದು ತಣ್ಣೀರಿನ ಸೀಮೆಯಲ್ಲಿ. ಮೈಮೇಲೆ ಎರಡು ಪದರ ಕೂದಲು, ಒಳಗೆ ಕೊಬ್ಬು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ? ಮುಧೋಳ ನಾಯಿಗೂ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು. ಜೋರಾಗಿ ಓಡಿದಾಗ ಅವುಗಳ ಮೈ ಬಿಸಿ ಸರ್ರನೆ ಏರುತ್ತದೆ. ಹೊಲದ ನಾಯಿ ಓಡಿ ಬಂದು ಬೇವಿನ ಮರದ ಬುಡದಲ್ಲಿ ಮಣ್ಣು ಕೆದರಿ ಹೊಟ್ಟೆ ಊರಿ ಮಲಗುವುದನ್ನೂ ಕಾಕಾ ನೋಡಿರುತ್ತಾರೆ, ಕೇಳಿ ನೋಡಿ. ಅದಕ್ಕೆ ಯಾರೂ 'ನಿಲ್ಲು, ಫೋಟೋ' ಅನ್ನುವುದಿಲ್ಲ.

ಕೂದಲು ಬೋಳಿಸಬೇಡಿ. ಲ್ಯಾಬ್ರಡಾರ್‌ನ ಹೊರಪದರ ಬಿಸಿಲು ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬೋಳಿಸಿದರೆ ಚರ್ಮ ಸುಡುತ್ತದೆ, ಕೂದಲು ಮತ್ತೆ ಮೊದಲಿನ ಹಾಗೆ ಬರುತ್ತದೆ ಅನ್ನುವ ಖಾತ್ರಿಯೂ ಇಲ್ಲ. ತೆಗೆಯಬೇಕಾದ್ದು ಒಳಗೆ ಹತ್ತಿಯ ಹಾಗೆ ಉದುರಿ ಸಿಕ್ಕಿಕೊಂಡ ಕೂದಲನ್ನು. ವಾರಕ್ಕೆ ಮೂರು ನಾಲ್ಕು ಸಲ ಬಾಚಿ. ಮೊದಲ ದಿನವೇ ಒಂದು ದಿಂಬಿಗಾಗುವಷ್ಟು ಬಂದರೆ ಗಾಬರಿಯಾಗಬೇಡಿ. ಹಾಗೆ ಬಾಚುವಾಗಲೇ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳ ಇದೆಯಾ ನೋಡಿ, ಬೇಸಿಗೆಯಲ್ಲಿ ಅವುಗಳ ಕಾಟ ಜಾಸ್ತಿ. ಉಣ್ಣೆ ಜ್ವರದಿಂದ ಸೊರಗಿದ ನಾಯಿ ಬಿಸಿಲನ್ನು ಸ್ವಲ್ಪವೂ ತಾಳುವುದಿಲ್ಲ.

ಬೂಟಿನ ಬಗ್ಗೆ ನನಗೆ ಅಷ್ಟೇನೂ ಉತ್ಸಾಹ ಇಲ್ಲ. ಹಾಕಿದ ತಕ್ಷಣ ನಾಯಿ ಕೊಕ್ಕರೆಯ ಹಾಗೆ ಕಾಲೆತ್ತಿ ನಡೆಯುತ್ತದೆ, ಮಕ್ಕಳಿಗೆ ಮಜಾ ಅಷ್ಟೆ. ಕಾಯ್ದ ಒಂದು ರಸ್ತೆ ದಾಟಲೇಬೇಕು ಅಂದರೆ ಉಪಯೋಗ ಉಂಟು, ಅದಕ್ಕೂ ಮೊದಲು ಮನೆಯಲ್ಲಿ ವಾರಗಟ್ಟಲೆ ರೂಢಿ ಮಾಡಿಸಬೇಕು. ಅದಕ್ಕಿಂತ ನಿಮ್ಮ ಕೈಯನ್ನೇ ನಂಬಿ. ಅಂಗೈ ಮಗುಚಿ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಕೈ ಕಿತ್ತುಕೊಳ್ಳಬೇಕು ಅನಿಸಿದರೆ ಅಲ್ಲಿ ಬ್ರೂನೋ ಕಾಲಿಡಬಾರದು. ಗೇಟಿನ ಮುಂದೆ ಒಮ್ಮೆ ನೋಡಿ ಬಿಡಬೇಡಿ. ನೆರಳಿನ ಫರಸಿ ತಣ್ಣಗಿದ್ದು ಹತ್ತು ಹೆಜ್ಜೆ ಆಚೆ ಡಾಂಬರು ಸುಡುತ್ತಿರುತ್ತದೆ. ಸುಟ್ಟರೆ ಹತ್ತು ನಿಮಿಷ ತಣ್ಣೀರು ಬಿಡಿ, ಡಾಕ್ಟರಿಗೆ ತೋರಿಸಿ. ತುಪ್ಪ, ಟೂತ್‌ಪೇಸ್ಟ್ ಬಳಿಯಬೇಡಿ.

ವಾಕಿಂಗ್ ಹೊತ್ತು ಬೆಳಿಗ್ಗೆ ಐದೂವರೆಯಿಂದ ಏಳರ ಒಳಗೆ. ರಾತ್ರಿಯಿಡೀ ಆರಿದ ನೆಲ ಅದು. ಸಂಜೆ ಸೂರ್ಯ ಮುಳುಗಿ ಒಂದು ಒಂದೂವರೆ ಗಂಟೆಯಾದರೂ ಬಿಡಿ, ಎಂಟರ ಮೇಲೆ ಒಂದು ಸುತ್ತು ಸಾಕು. ಹೊಟ್ಟೆ ತುಂಬ ತಿನ್ನಿಸಿ ಹೊರಡಬೇಡಿ. ನಸುಕಿನಲ್ಲಿ ಬೀದಿನಾಯಿಗಳ ಗುಂಪು ಇರುತ್ತದೆ, ಹಗ್ಗ ಗಿಡ್ಡ ಹಿಡಿಯಿರಿ, ರೇಬೀಸ್ ಚುಚ್ಚುಮದ್ದಿನ ತಾರೀಖು ನೋಡಿಕೊಳ್ಳಿ.

ಬ್ರೂನೋ ಇಡೀ ದಿನ ಕೂಲರ್ ಮುಂದೆ ಇರುತ್ತಾನೆ ಅಂದಿರಿ. ಅದು ತಪ್ಪಲ್ಲ. ಆದರೆ ಅವನ ಮೈಗೆ ಹೊರಗಿನ ಬಿಸಿಯ ರೂಢಿಯೇ ಇಲ್ಲ. ರೂಢಿಯಾಗಲು ಕನಿಷ್ಠ ಹತ್ತು ಹದಿನೈದು ದಿನ ಬೇಕು. ಮಕ್ಕಳು ಬರುವ ಮೂರು ವಾರ ಮೊದಲೇ ಶುರು ಮಾಡಿ. ಮೊದಲ ವಾರ ಬೆಳಿಗ್ಗೆ ಹದಿನೈದು ನಿಮಿಷ, ಆಮೇಲೆ ಎರಡು ದಿನಕ್ಕೆ ಐದು ನಿಮಿಷ ಸೇರಿಸುತ್ತಾ ಹೋಗಿ. ಕೂಲರ್ ಮಧ್ಯಾಹ್ನಕ್ಕೆ ಇರಲಿ, ಬೆಳಗಿನ ಹೊತ್ತು ಅಂಗಳದ ನೆರಳಿನಲ್ಲಿ ಬಿಡಿ. 34 ಕೆಜಿ ಸ್ವಲ್ಪ ಜಾಸ್ತಿಯೇ ಇರಬಹುದು. ಪಕ್ಕೆಲುಬು ಕೈಗೆ ಸಲೀಸಾಗಿ ಸಿಗದಿದ್ದರೆ ತಿಂಡಿ ಕಡಿಮೆ ಮಾಡಿ. ಕೊಬ್ಬಿದ ನಾಯಿಗೆ ಬೇಸಿಗೆಯಲ್ಲೂ ಕಂಬಳಿ ಹೊದ್ದ ಹಾಗೆ.

ಇದೇ ಮೂರು ವಾರದಲ್ಲಿ ಫೋಟೋ ಪಾಠವೂ ಆಗಲಿ. ಮನೆಯಲ್ಲಿ ಒಂದು ಗೋಣಿ ತಾಟು ಹಾಸಿ, ಅದರ ಮೇಲೆ ಕೂತರೆ ತಿನಿಸು ಅಂತ ಕಲಿಸಿ. ನಾಲ್ಕೈದು ದಿನಕ್ಕೆ ತಾಟು ಕಂಡ ತಕ್ಷಣ ಓಡಿ ಬಂದು ಕೂರುತ್ತಾನೆ. ಫೋಟೋ ದಿನ ಅದನ್ನೇ ಒದ್ದೆ ಮಾಡಿ ಹಿಂಡಿ ಹಾಸಿ. ಕಾಲೂ ತಂಪು, ಜಾಗವೂ ಗೊತ್ತು.

ತಿನಿಸು ಅಂದಾಗ ನೆನಪಾಯಿತು, ಇದು ನಮ್ಮ ಜಿಲ್ಲೆಗೇ ಮುಖ್ಯ. ಮನೆ ಮನೆಯಲ್ಲೂ ಮಣೂಕ, ಅಂದರೆ ಒಣದ್ರಾಕ್ಷಿ, ಇರುವ ಊರು ನಮ್ಮದು. ಮಕ್ಕಳು ತಾವು ತಿನ್ನುತ್ತಾ ನಾಯಿಗೂ ಒಂದು ಹಿಡಿ ಹಾಕುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ, ಮೂತ್ರಪಿಂಡವನ್ನೇ ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯ ಅನ್ನುವುದು ಒಂದೊಂದು ನಾಯಿಗೆ ಒಂದೊಂದು ಥರ. ಅದಕ್ಕೇ ಒಂದು ಕಾಳೂ ಬೇಡ. ತಿಂದದ್ದು ಗೊತ್ತಾದರೆ ವಾಂತಿಯಾಗಲಿ ಅಂತ ಕಾಯದೆ ಕರೆತನ್ನಿ. ಬೀಜ ತೆಗೆದ ಕಲ್ಲಂಗಡಿ ಚೂರು ಕೊಡಿ, ಒಣ ರೊಟ್ಟಿ ಮುರಿದು ಕೊಡಿ. ಲ್ಯಾಬ್ರಡಾರ್‌ಗೆ ಕಟಕ್ ಅನ್ನುವ ಒಣ ರೊಟ್ಟಿಯೂ ಪೇಢೆಯೇ.

ಜಾಗದ ವಿಷಯ. ಸ್ಮಾರಕದ ಆವರಣದೊಳಗೆ ನಾಯಿ ಒಯ್ಯುವ ಯೋಚನೆ ಬಿಡಿ, ಬಾಗಿಲಲ್ಲಿ ವಾದ ಮಾಡುತ್ತಾ ನಿಂತರೆ ಬಿಸಿಲೇರುತ್ತದೆ. ಒಳಗೆ ಹೋಗುವ ಅಗತ್ಯವೂ ಇಲ್ಲ. ಅಷ್ಟು ದೊಡ್ಡ ಗುಮ್ಮಟ ದೂರದಿಂದಲೇ ಚೆನ್ನಾಗಿ ಬರುತ್ತದೆ. ಬ್ರೂನೋನಿಂದ ಎಂಟು ಹತ್ತು ಹೆಜ್ಜೆ ಹಿಂದೆ ಸರಿದು ಎರಡು ಮೂರು ಪಟ್ಟು ಜೂಮ್ ಮಾಡಿದರೆ ಹಿಂದಿನ ಗುಮ್ಮಟ ದೊಡ್ಡದಾಗಿ ಕಾಣುತ್ತದೆ. ಹತ್ತಿರ ನಿಂತು ತೆಗೆದರೆ ಅದು ನಿಂಬೆಹಣ್ಣಿನಷ್ಟಾಗುತ್ತದೆ.

ಗೋಳಗುಮ್ಮಟ ಇರುವುದು ಊರಿನ ಪೂರ್ವಕ್ಕೆ. ಊರ ಕಡೆಯಿಂದ ನೋಡಿದರೆ ಬೆಳಿಗ್ಗೆ ಸೂರ್ಯ ಗುಮ್ಮಟದ ಬೆನ್ನಿಗೆ ಇರುತ್ತಾನೆ, ಸಂಜೆ ಅದರ ಮುಖಕ್ಕೆ. ನಿಮ್ಮ ಫೋಟೋಗ್ರಾಫರ್ ಸಂಜೆ ಅಂದಿದ್ದು ಬಹುಶಃ ಇದಕ್ಕೇ. ಆದರೆ ಬೆಳಿಗ್ಗೆ ಹಿಂದಿನಿಂದ ಬರುವ ಬೆಳಕೂ ಕಡಿಮೆಯದಲ್ಲ. ಏಪ್ರಿಲ್ ಕೊನೆಗೆ ಸುಮಾರು ಆರಕ್ಕೆ ಸೂರ್ಯ ಹುಟ್ಟುತ್ತಾನೆ. ಆರೂಕಾಲಿನಿಂದ ಆರೂಮುಕ್ಕಾಲರವರೆಗೆ ಗುಮ್ಮಟ ಕಪ್ಪಗೆ ನಿಂತಿರುತ್ತದೆ, ನಾಯಿಯ ಕಿವಿ, ಬೆನ್ನಿನ ಅಂಚಿನ ಕೂದಲು ಬಂಗಾರದ ಜರಿಯ ಹಾಗೆ ಹೊಳೆಯುತ್ತದೆ. ಗುಮ್ಮಟದ ಮೇಲೇ ಬೆಳಕು ಬೇಕೆಂದರೆ ಪೂರ್ವಕ್ಕೆ ಹೋಗಿ, ರೈಲು ಸ್ಟೇಷನ್ ಕಡೆಯಿಂದ ತೆಗೆಯಿರಿ. ಗುಮ್ಮಟದ ಹಟ ಇಲ್ಲದಿದ್ದರೆ ಭೂತನಾಳ ಕೆರೆಯ ಕಡೆ ಮಣ್ಣಿನ ನೆಲ, ಗಿಡ ಮರ ಎರಡೂ ಇವೆ. ಹಸಿರು ಪಾಚಿ ಕಟ್ಟಿದ ನೀರಿಗೆ ಮಾತ್ರ ಬಾಯಿ ಹಾಕಲು ಬಿಡಬೇಡಿ, ಕೆಲವು ಪಾಚಿ ವಿಷ.

ಕ್ಯಾಮೆರಾ ನಾಯಿಯ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ಅಂದರೆ ತೆಗೆಯುವವರು ಮಣ್ಣಲ್ಲಿ ಕೂರಬೇಕು, ಇಸ್ತ್ರಿ ಪ್ಯಾಂಟ್ ಬೇಡ. ಫೋನಿನಲ್ಲಿ ನಾಯಿಯ ಕಣ್ಣಿನ ಮೇಲೆ ಬೆರಳೊತ್ತಿ ಫೋಕಸ್ ಮಾಡಿ. ಹಿಂದಿನಿಂದ ಬೆಳಕು ಬರುವಾಗ ಮುಖ ಕಪ್ಪಾಗುತ್ತದೆ, ಬೆಳಕಿನ ಗೀಟು ಸ್ವಲ್ಪ ಮೇಲೆ ಎಳೆಯಿರಿ. ಬಿಳಿ ಬಟ್ಟೆ ಹೊದಿಸಿದ ಒಂದು ರಟ್ಟನ್ನು ಮುಂದೆ ಹಿಡಿದರೆ ಇನ್ನೂ ಚೆನ್ನ. ಫ್ಲ್ಯಾಶ್ ಬೇಡ, ಕಣ್ಣು ಹಸಿರಾಗಿ ಹೊಳೆಯುತ್ತವೆ. ಕಿವಿ ನಿಮಿರಿಸಲು ವಿಚಿತ್ರ ಸದ್ದು ಮಾಡುತ್ತೀರಲ್ಲ, ಅದು ಎರಡೇ ಸಲ ಕೆಲಸ ಮಾಡುತ್ತದೆ. ಎಲ್ಲ ತಯಾರಾದ ಮೇಲೆ ಮಾಡಿ. ಮಕ್ಕಳು ಅವನ ಕುತ್ತಿಗೆ ತಬ್ಬಿಕೊಳ್ಳುವುದು ಬೇಡ, ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಡಲಿ. ಬ್ರೂನೋಗೆ ಹಾಕಲು ಮಕ್ಕಳು ಟೀ ಶರ್ಟು, ಟೋಪಿ, ಗಾಗಲ್ ತಂದಿದ್ದರೆ ಅವು ಪುಣೆಗೆ ವಾಪಸ್ ಹೋಗಲಿ.

ಹತ್ತು ನಿಮಿಷ ಫೋಟೋ, ಹತ್ತು ನಿಮಿಷ ನೆರಳು, ನೀರು. ಇಂಥ ಎರಡು ಸುತ್ತು ಆದರೆ ಮುಗಿಯಿತು. ಫೋಟೋದಲ್ಲಿ ನಾಯಿ ನಕ್ಕ ಹಾಗೆ ಕಾಣುವುದು ಬಾಯಿ ತೆರೆದಾಗ. ಆ ನಗುವನ್ನು ದೊಡ್ಡದು ಮಾಡಿ ನೋಡಿ. ನಾಲಿಗೆ ಸಡಿಲವಾಗಿ, ಕಿರಿದಾಗಿ ಇಳಿದಿದ್ದರೆ ಸರಿ. ತುದಿ ಅಗಲವಾಗಿ ಸೌಟಿನ ಹಾಗೆ ಮೇಲೆ ಮಡಚಿ, ತುಟಿಯ ಮೂಲೆ ಹಿಂದಕ್ಕೆ ಎಳೆದು, ಕಣ್ಣು ಕಿರಿದಾಗಿದ್ದರೆ ಅವನು ಬಿಸಿಗೆ ಸೋಲುತ್ತಿದ್ದಾನೆ. ಫೋನು ಜೇಬಿಗೆ ಹಾಕಿ.

ಅಲ್ಲಿಗೂ ನಿಲ್ಲಿಸದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಬೆಳಗು ಹೇಳುತ್ತೇನೆ. ಹತ್ತೂವರೆ ಇರಬಹುದು, ಆಟೋದಲ್ಲಿ ಒಂದು ಲ್ಯಾಬ್ರಡಾರ್ ತಂದರು. ಜೊಲ್ಲು ಅಂಟಿನ ಹಾಗೆ ಜೋತಿತ್ತು, ಒಸಡು ಕೆಂಪು ಇಟ್ಟಿಗೆಯ ಬಣ್ಣ, ನಿಲ್ಲಿಸಿದರೆ ಹಿಂಗಾಲು ತೂರಾಡುತ್ತಿತ್ತು. ಮೈಮೇಲೆ ಒದ್ದೆ ಟವೆಲ್ ಸುತ್ತಿದ್ದರು. ಟವೆಲ್ ಮುಟ್ಟಿದರೆ ಬಿಸಿ! ನಾಯಿಯ ಮಾಮೂಲಿ ಜ್ವರಮಾಪಕದ ಲೆಕ್ಕ 101ರಿಂದ 102.5 ಫ್ಯಾರನ್‌ಹೀಟ್. ಇದಕ್ಕೆ 107 ಇತ್ತು. ಟವೆಲ್ ಕಿತ್ತು ಒಗೆದು ನಳ ತಿರುಗಿಸಿದೆ, ಮಾಳಿಗೆ ಟಾಕಿಯ ನೀರು ಸುಡುತ್ತಿತ್ತು. ಕೊನೆಗೆ ಒಳಗಿದ್ದ ಎರಡು ಹರವಿ ಕುಡಿಯುವ ನೀರು ತಂದು ಹೊಟ್ಟೆ, ತೊಡೆಸಂದಿ, ಕುತ್ತಿಗೆಗೆ ಸುರಿದು ಮೇಲಿಂದ ಫ್ಯಾನ್ ಹಾಕಿದೆವು. 103ಕ್ಕೆ ಇಳಿದ ಮೇಲೆ ನೀರು ನಿಲ್ಲಿಸಿದೆವು, ಇಲ್ಲದಿದ್ದರೆ ಮೈ ತೀರಾ ತಣ್ಣಗಾಗಿಬಿಡುತ್ತದೆ. ಮೂರು ದಿನ ಸಲೈನ್ ಮೇಲಿದ್ದು ಬದುಕಿತು.

ನೀವು ಮಾಡಬೇಕಾದ್ದೂ ಅದೇ ಕ್ರಮ. ಮೊದಲು ನೆರಳು, ಸಿಕ್ಕ ನೀರು, ಗಾಳಿ. ಆಮೇಲೆ ಆಟೋ. ತಣ್ಣೀರು ಹಾಕಬಾರದು, ಉಗುರುಬೆಚ್ಚಗಿನದೇ ಬೇಕು ಅನ್ನುವ ಹಳೇ ಮಾತನ್ನು ನಾವೂ ಮೊದಲು ಹೇಳುತ್ತಿದ್ದೆವು, ಈಗ ಬಿಟ್ಟಿದ್ದೇವೆ. ನಾಯಿಯ ಮೈಗಿಂತ ತಂಪಿರುವ ಯಾವ ನೀರಾದರೂ ಸರಿ, ತಡ ಮಾಡುವುದು ತಪ್ಪು. ಬಾಯಿಗೆ ಒತ್ತಾಯದಿಂದ ನೀರು ಹುಯ್ಯಬೇಡಿ. ಮನೆಯ ಜ್ವರದ ಮಾತ್ರೆ ಕೊಡಲೇಬೇಡಿ. ಅಲ್ಲೇ ಎದ್ದು ಬಾಲ ಅಲ್ಲಾಡಿಸಿದರೂ ಡಾಕ್ಟರಿಗೆ ತೋರಿಸಿ, ಮೂತ್ರಪಿಂಡದ ತೊಂದರೆ ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುತ್ತದೆ.

ಫೋಟೋ ದಿನ ಕಾರಿನಲ್ಲಿ ಐದು ಲೀಟರ್ ಕ್ಯಾನ್, ಒಂದು ಬಟ್ಟಲು, ಗೋಣಿ ತಾಟು ಇರಲಿ. ಮುಗಿದ ಮೇಲೆ ಎಲ್ಲರೂ ನಾಷ್ಟಾಕ್ಕೆ ಇಳಿದು ಬ್ರೂನೋನನ್ನು ಕಾರಿನಲ್ಲೇ ಬಿಡುವುದು ಬೇಡ. ಬಿಸಿಲಿಗೆ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ, ಕಿಟಕಿ ಎರಡು ಬೆರಳು ಇಳಿಸಿದರೂ ಅಷ್ಟೆ. ಮೊದಲು ಅವನನ್ನು ಮನೆಗೆ ಬಿಟ್ಟು ಆಮೇಲೆ ಹೋಗಿ, ಇಲ್ಲವೇ ಇಡ್ಲಿ ಪಾರ್ಸಲ್ ತನ್ನಿ. ಫೋಟೋಗ್ರಾಫರ್‌ಗೆ ಈಗಲೇ ಫೋನು ಮಾಡಿ, ಬೆಳಿಗ್ಗೆ ಆರಕ್ಕೆ ಬರಲು ಹೇಳಿ. ಅಷ್ಟು ಬೇಗ ಆಗಲ್ಲ ಅಂದರೆ ಪುಣೆಯ ಮಕ್ಕಳಲ್ಲಿ ದೊಡ್ಡವರ ಕೈಗೆ ಫೋನು ಕೊಡಿ, ಅವರೇ ಚೆನ್ನಾಗಿ ತೆಗೆಯುತ್ತಾರೆ.